ಕೈಯಳತೆ

ಕೃಷ್ಣೆ ತುಂಗಭದ್ರೆಯರ ನಡುವಣ ನಮ್ಮ ರಾಯಚೂರು ಸೀಮೆಯ ಭಕ್ತಿಯ ಕಥೆಗಳನ್ನು ಒಂದೆಡೆ ಕಲೆಹಾಕಿ ನೋಡಿದವರಿಗೆ, ಅವುಗಳಲ್ಲಿ ಎಷ್ಟೋ ಕಥೆಗಳು ಗರ್ಭಗುಡಿಯಲ್ಲಾಗಲಿ ಗಿರಿಶಿಖರದಲ್ಲಾಗಲಿ ನಡೆಯದೆ, ಒಲೆಯ ಮುಂದೆ, ಬೀಸುವ ಕಲ್ಲಿನ ಪಕ್ಕದಲ್ಲಿ, ಉಣ್ಣುವ ಗಂಗಾಳದ ಎದುರಿನಲ್ಲಿ ನಡೆದುವೆಂಬುದು ತಾನಾಗಿಯೇ ಗೋಚರವಾಗುತ್ತದೆ. ಪುರಾಣದ ಭಕ್ತರನ್ನು ಬೆಂಕಿ ಪರೀಕ್ಷಿಸಿತು, ವಿಷ ಪರೀಕ್ಷಿಸಿತು, ಮದಗಜ ಪರೀಕ್ಷಿಸಿತು. ನಮ್ಮ ಸೀಮೆಯ ಭಕ್ತರನ್ನಾದರೋ, ಇಂದಿನ ಅಡಿಗೆಗೆ ಎಷ್ಟು ಅಕ್ಕಿ ಬೇಕು, ಕರೆದವರ ಮನೆಯಲ್ಲಿ ಉಣ್ಣಬಹುದೊ ಬಾರದೊ, ಬಂದವರಿಗೆ ಬಡಿಸಿ ಉಳಿದುದರಲ್ಲಿ ತೃಪ್ತಿಯುಂಟೊ ಇಲ್ಲವೊ ಎಂಬಂಥ ಪ್ರಶ್ನೆಗಳು ಪರೀಕ್ಷಿಸಿದುವು. ಪ್ರಶ್ನೆ ಚಿಕ್ಕದೆಂದು ಉತ್ತರ ಸುಲಭವಾಗಲಿಲ್ಲ. ಆ ಪರೀಕ್ಷೆಯಲ್ಲಿ ಸರಿಯುತ್ತರವನ್ನು ಬಲ್ಲವರು ಬಹುಮಟ್ಟಿಗೆ ಮನೆಯ ಹೆಂಗಸರೇ ಆಗಿದ್ದರೆಂಬ ಸಂಗತಿಯನ್ನು, ವಯಸ್ಸು ಮಾಗಿದಂತೆಲ್ಲ, ನಾನು ಹೆಚ್ಚು ಹೆಚ್ಚು ಗೌರವದಿಂದ ನೆನೆಯುತ್ತಿದ್ದೇನೆ.

ದೇವದುರ್ಗ ತಾಲೂಕಿನ ಗೂಗಲ್ಲು ಕೃಷ್ಣೆಯ ಬಲದಂಡೆಯ ಮೇಲಿರುವ ಊರು. ಹೊಳೆ ದಾಟಿದರೆ ಯಾದಗಿರಿ ಜಿಲ್ಲೆ. ದಂಡೆಯ ಮೇಲೆ ಅಲ್ಲಮಪ್ರಭುದೇವರ ಗುಡಿಯುಂಟು. ಸುತ್ತಣ ಹಳ್ಳಿಗಳ ಜನಕ್ಕೆ ಗೂಗಲ್ಲೆಂದರೆ ಮೊದಲು ಪ್ರಭುವಿನ ಸನ್ನಿಧಿ, ಅನಂತರ ಊರು. ಈಚಿನ ವರ್ಷಗಳಲ್ಲಿ ಹೊಳೆಗೆ ಅಡ್ಡಲಾಗಿ ಸೇತುವೆಯೊಡಗೂಡಿದ ಬ್ಯಾರೇಜು ಕಟ್ಟಿರುವುದರಿಂದ ಆಚೆಯ ದಡದವರೂ ಹರಿಗೋಲಿನ ಹಂಗಿಲ್ಲದೆ ಬರುತ್ತಾರೆ. ಪ್ರಭುದೇವರಾದರೋ ಸಂಸಾರವನ್ನು ತೊರೆದವರು; ಮದ್ದಳೆಯನ್ನು ಕೆಳಗಿಟ್ಟು, ಊರನ್ನು ಬಿಟ್ಟು, ದೇಶವನ್ನೆಲ್ಲ ಸುತ್ತಿ, ಕಡೆಗೆ ಕಲ್ಯಾಣದ ಶೂನ್ಯಸಿಂಹಾಸನವನ್ನೇರಿದ ಮಹಾನುಭಾವರು; ಒಲೆಯಿಲ್ಲದವರು, ಮಡದಿಯಿಲ್ಲದವರು, ಸಂಜೆಗೆ ಹಿಂದಿರುಗಬೇಕಾದ ಮನೆಯಿಲ್ಲದವರು. ಅಂಥ ನಿರ್ಮೋಹಿಯ ಬಾಗಿಲಿಗೆ ಇಂದು ಬರುವವರು ಯಾರೆಂದು ನೋಡಿದರೆ, ಮೈಮೇಲಿನ ಅರಿಸಿನ ಇನ್ನೂ ಮಾಸದ ಮದುಮಕ್ಕಳು, ಎಳೆಯ ಕೂಸನ್ನು ಸೆರಗಿನಲ್ಲಿ ಮರೆಮಾಡಿಕೊಂಡ ಬಾಣಂತಿಯರು, ಮಗಳಿಗೆ ವರ ಕೂಡಿಬರಲೆಂದು ಕಾಯಿ ಕಟ್ಟುವ ತಾಯಂದಿರು. ಹೊಳೆಯಲ್ಲಿ ಮಿಂದು, ಹಣೆಗೆ ವಿಭೂತಿ ಹಚ್ಚಿ, ಕಾಯಿ ಒಡೆಸಿದ ಮೇಲೆ ಇವರೆಲ್ಲರೂ ನೆರಳು ಹುಡುಕಿ ಕುಳಿತು ಬುತ್ತಿಯ ಗಂಟು ಬಿಚ್ಚುತ್ತಾರೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಗಟ್ಟಿ ಮೊಸರು ಕಲಸಿದ ಅನ್ನ. ಪಕ್ಕದ ನೆರಳಿನಲ್ಲಿ ಕುಳಿತವರು ಗುರುತಿನವರಿರಲಿ ಇಲ್ಲದಿರಲಿ, ಇವರ ಹಿಂಡಿ ಅವರ ರೊಟ್ಟಿಯ ಮೇಲೂ ಅವರ ಪಲ್ಯ ಇವರ ರೊಟ್ಟಿಯ ಮೇಲೂ ಹೋಗದೆ ಊಟ ಮುಗಿಯುವುದಿಲ್ಲ. ಮನೆಯನ್ನು ಬಿಟ್ಟ ಮಹಾತ್ಮನ ಬಳಿಗೆ ಮನೆಯೇ ಗಂಟುಕಟ್ಟಿಕೊಂಡು ಬರುತ್ತದೆಂಬ ಈ ಸೋಜಿಗವನ್ನು ನಾನು ಬಾಲ್ಯದಿಂದ ಕಂಡಿದ್ದೇನೆ. ಅದರಲ್ಲಿ ವಿರೋಧವಿದೆಯೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ.

ಪ್ರಭುದೇವರಿಗೂ ಅಡಿಗೆಮನೆಗೂ ಇರುವ ನಂಟು ಇಂದು ನೆನ್ನೆಯದಲ್ಲ. ಗೂಗಲ್ಲಿನಿಂದ ಪಡುವಣಕ್ಕೆ, ಲಿಂಗಸುಗೂರು ತಾಲೂಕಿನ ಗುರುಗುಂಟಾದ ಬಳಿ ಅಮರೇಶ್ವರವೆಂಬ ಕ್ಷೇತ್ರವುಂಟು. ಹನ್ನೆರಡನೆಯ ಶತಮಾನದಲ್ಲಿ ಆ ಅಮರೇಶ್ವರದಿಂದ ಹೊರಟು ಕಲ್ಯಾಣವನ್ನು ಸೇರಿದ ದಂಪತಿಗಳು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಶರಣರ ಮನೆಗಳ ಅಂಗಳದಲ್ಲಿ ಚೆಲ್ಲಿಹೋದ ಅಕ್ಕಿಯ ಕಾಳುಗಳನ್ನು ಒಂದೊಂದಾಗಿ ಆಯ್ದು ತರುವುದು ಮಾರಯ್ಯನ ಕಾಯಕ. ತಂದುದನ್ನು ಹಸನುಮಾಡಿ, ಅಟ್ಟು, ಜಂಗಮರಿಗೆ ಬಡಿಸಿ, ಉಳಿದುದನ್ನು ಇಬ್ಬರೂ ಉಣ್ಣುವುದು ಲಕ್ಕಮ್ಮನ ಮನೆಯ ನೇಮ. ಇವರ ವೃತ್ತಾಂತಕ್ಕೆ ಶೂನ್ಯಸಂಪಾದನೆಯಲ್ಲಿ ಒಂದು ಪ್ರತ್ಯೇಕ ಪ್ರಕರಣವೇ ಮೀಸಲಾಗಿದೆ. ಕಾಯಕದಲ್ಲಿ ತೊಡಗಿರುವಾಗ ಗುರುದರ್ಶನವಾದರೂ ಸರಿಯೆ, ಲಿಂಗಪೂಜೆಯಾದರೂ ಸರಿಯೆ, ಮರೆಯಬೇಕೆಂಬುದು ಮಾರಯ್ಯನ ನಿಲವು. ಮಾಡುವೆನೆಂಬ ಭಾವವೂ ಅಳಿದಲ್ಲಿ ನಿಲ್ಲಬೇಕಾದ ಇನ್ನೊಂದು ನೆಲೆಯುಂಟೆಂದು ಪ್ರಭುದೇವರು ಅದಕ್ಕೆ ಮೇಲಣ ಮಾತನ್ನು ತೆಗೆಯುತ್ತಾರೆ. ಕೇಳುತ್ತ ಕೇಳುತ್ತ ಮಾರಯ್ಯ ಆ ಮಾತಿನ ಮಹಿಮೆಯಲ್ಲಿ ಮೈಮರೆತು ನಿಂತುಬಿಡುತ್ತಾನೆ. ಹೊತ್ತು ಏರುತ್ತದೆ. ಆಗ ಒಳಗಿನಿಂದ ಬಂದ ಲಕ್ಕಮ್ಮ, ಕಾಯಕ ನಿಂತಿತೆಂದೂ ಬೇಗ ಹೊರಡಬೇಕೆಂದೂ ಗಂಡನನ್ನು ಎಚ್ಚರಿಸುತ್ತಾಳೆ.

ಈ ಸನ್ನಿವೇಶವನ್ನು ಓದಿದಾಗಲೆಲ್ಲ ನನ್ನ ಮನಸ್ಸು ಅಲ್ಲಿಯೇ ನಿಲ್ಲುತ್ತದೆ. ಎದುರಿಗೆ ನಿಂತು ಮಾತನಾಡುತ್ತಿರುವವರು ಶೂನ್ಯಸಿಂಹಾಸನದ ಒಡೆಯರು. ಕೇಳುತ್ತಿರುವವನು ಆಕೆಯ ಪತಿ. ನಡೆಯುತ್ತಿರುವುದು ಪರತತ್ತ್ವದ ವಿಚಾರ. ಅದನ್ನು ನಡುವೆ ತಡೆದ ಆಕೆಯಲ್ಲಿ ಅವಿನಯದ ಲೇಶವಾದರೂ ಇದ್ದಿತೆಂದು ಗ್ರಂಥಕಾರರು ಭಾವಿಸಲಿಲ್ಲ; ಪ್ರಭುದೇವರೂ ಭಾವಿಸಲಿಲ್ಲ. ಆಯುವವನು ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಚೆಲ್ಲಿದ ಕಾಳು ಹಕ್ಕಿಯ ಪಾಲಾಗುತ್ತದೆ, ಉಣ್ಣಬೇಕಾದ ಜಂಗಮ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಒಲೆಯ ಮುಂದೆ ನಿಂತವಳಿಗೆ ಇದು ಮೊದಲು ಕಾಣುತ್ತದೆ, ಏಕೆಂದರೆ ಎಸರು ಕಾಯುತ್ತಿರುವುದು ಆಕೆಯ ಕಣ್ಣಮುಂದೆ.

ಮುಂದಿನ ಘಟನೆ ನಾಡಿಗೆಲ್ಲ ಗೊತ್ತಿರುವುದೇ. ಈ ದಂಪತಿಗಳ ಬಡತನವನ್ನು ಕಂಡು ಬಸವಣ್ಣನವರು ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದರಂತೆ. ಮಾರಯ್ಯ ಸಂತೋಷದಿಂದ ಹೆಚ್ಚಾಗಿಯೇ ಆಯ್ದು ತಂದ. ಗಂಟಿನ ಭಾರವನ್ನು ನೋಡಿದೊಡನೆಯೇ ಲಕ್ಕಮ್ಮನಿಗೆ ತಿಳಿಯಿತು: ಇದು ಎಂದಿನ ಅಳತೆಯಲ್ಲ. ಎಂದಿನದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ತಂದಲ್ಲಿಗೇ ಮರಳಿಸಬೇಕೆಂದು ಆಕೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ನಾಳೆಗೆ ಬೇಕಾದೀತೆಂದು ಕೂಡಿಡುವ ಬುದ್ಧಿ ಭಕ್ತರ ಮನೆಯನ್ನು ಹೊಗಬಾರದೆಂಬುದು ಆಕೆಯ ನಿಶ್ಚಯ. ತರುವಾಯ ಕಲ್ಯಾಣದ ಶರಣರನ್ನೆಲ್ಲ ಕರೆದು, ಆ ಎಂದಿನ ಅಕ್ಕಿಯಲ್ಲಿಯೇ ಎಲ್ಲರಿಗೂ ತೃಪ್ತಿಯಾಗುವಂತೆ ಉಣಬಡಿಸಿದಳೆಂದು ಐತಿಹ್ಯ ಹೇಳುತ್ತದೆ. ಆ ಪವಾಡಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅದಕ್ಕೆ ಮುಂಚಿನ ಆ ಒಂದು ಕ್ಷಣ: ಬಡವನಾದ ಗಂಡ ಸಂತೋಷದಿಂದ ಹೊತ್ತು ತಂದ ಗಂಟನ್ನು ಕಂಡು, ಅವನ ಸಂತೋಷ ಬಾಡುವುದೆಂದು ತಿಳಿದೂ, ಬೇಡವೆನ್ನಲು ಬೇಕಾದ ಧೈರ್ಯ. ಆಕೆಯ 25 ವಚನಗಳು ನಮಗೆ ದೊರೆತಿವೆ. ಅವುಗಳ ಅಂಕಿತದಲ್ಲಿ ಗಂಡನ ಹೆಸರೂ ಅಮರೇಶ್ವರಲಿಂಗದ ಹೆಸರೂ ಜೊತೆಯಾಗಿ ನಿಂತಿವೆ. ಗಂಡನನ್ನು ಅಂಗಳಕ್ಕೆ ಮರಳಿ ಅಟ್ಟಿದವಳೇ ಅವನ ಹೆಸರನ್ನು ದೇವರ ಹೆಸರಿನ ಪಕ್ಕದಲ್ಲಿ ಇಟ್ಟಳೆಂಬುದನ್ನು ದಾಂಪತ್ಯದ ವಿಷಯವಾಗಿ ಬರೆಯುವವರು ನೆನೆಯುವುದು ಒಳ್ಳೆಯದು.

ನನ್ನ ದೊಡ್ಡವ್ವನನ್ನು ಗೂಗಲ್ಲಿಗೆ ಕೊಟ್ಟಿದ್ದರು. ಅಕ್ಷರ ಬಾರದ ಆಕೆ ಲಕ್ಕಮ್ಮನ ವಚನಗಳನ್ನು ಓದಿದವಳಲ್ಲ. ಪ್ರಭುವಿನ ಗುಡಿಯಲ್ಲಿ ಪುರಾಣ ಹಚ್ಚಿದಾಗ ಕಂಬಕ್ಕೊರಗಿ ಕುಳಿತು ಕೇಳಿದುದಷ್ಟೇ ಆಕೆಯ ವಿದ್ಯಾಭ್ಯಾಸ. ದೊಡ್ಡಪ್ಪನ ಹೆಸರನ್ನು ಆಕೆ ಬಾಯ್ದೆರೆದು ಹೇಳಿದುದು ಮದುವೆಯ ಹಂದರದಲ್ಲಿ, ಗೆಳತಿಯರು ಬಾಗಿಲಿಗೆ ಅಡ್ಡನಿಂತು ಬಲವಂತಪಡಿಸಿದಾಗ, ಒಡಪಿನಲ್ಲಿ. ಅದಾದ ಮೇಲೆ ಆಕೆಯ ಬಾಯಿಂದ ಆ ಹೆಸರನ್ನು ನಾನಂತೂ ಕೇಳಿಲ್ಲ. ಹೆಸರು ಹೇಳಲು ನಾಚಿದ ಆ ಬಾಯಿ ಹೇಳಬೇಕಾದ ಮಾತನ್ನು ಹೇಳಲು ನಾಚುತ್ತಿರಲಿಲ್ಲ. ಮಳೆ ಕೈಕೊಟ್ಟ ಒಂದು ವರ್ಷ ಸುಗ್ಗಿಯ ಕಣದಲ್ಲಿ ಜೋಳದ ರಾಶಿ ಮೊಣಕಾಲೆತ್ತರಕ್ಕಿಂತ ಏರಿರಲಿಲ್ಲ. ಆಯಕ್ಕೆಂದು ಬಂದ ಬಡಿಗ, ಕಮ್ಮಾರ, ಕುಂಬಾರರು ಚೀಲ ಹಿಡಿದು ದೂರದಲ್ಲಿ ಕುಳಿತಿದ್ದರು. ದೊಡ್ಡಪ್ಪ ಬಡಿಗನ ಪಾಲನ್ನು ಅಳೆಯುವಾಗ ಸೇರನ್ನು ತುಂಬ ತುಂಬದೆ, ಅಂಗೈಯಿಂದ ತುಸು ಒರೆಸಿ, ಚೀಲಕ್ಕೆ ಸುರಿಯತೊಡಗಿದರು. ಬುತ್ತಿ ತಂದಿದ್ದ ದೊಡ್ಡವ್ವ ಅದನ್ನು ನೋಡಿ, ಸೆರಗನ್ನು ಸರಿಮಾಡಿಕೊಂಡು, ಯಾರ ಕಡೆಗೂ ನೋಡದೆ ಹೇಳಿದಳು: “ಕೂರಿಗಿ ಮುರದಾಗ ಅವ ಅರ್ಧಾ ಮಾಡಿ ಕೊಟ್ಟಾನೇನ್ರಿ? ತುಂಬ ಅಳೀರಿ.” ದೊಡ್ಡಪ್ಪ ಏನೂ ಅನ್ನಲಿಲ್ಲ. ಸೇರನ್ನು ಮತ್ತೆ ರಾಶಿಯಲ್ಲಿ ಅದ್ದಿ, ಕಾಳು ಅಂಚಿನಿಂದ ಜಾರಿ ಬೀಳುವಂತೆ ತುಂಬಿ ಸುರಿದರು. ಆ ವರ್ಷ ಮನೆಯಲ್ಲಿ ರೊಟ್ಟಿಯ ಜೊತೆಗೆ ನುಚ್ಚು ಅಂಬಲಿಗಳು ಹೆಚ್ಚಾದುವು. ಆದರೆ ಗಂಡಹೆಂಡಿರ ನಡುವೆ ಆ ಮಾತು ಮತ್ತೆ ಎಂದೂ ಎದ್ದುದಿಲ್ಲ.

ಆಕೆಯ ಮನೆಯಲ್ಲಿ ಅಳತೆಯ ಪಾತ್ರೆಗಳು ಕಣಕ್ಕೆ ಹೋಗುತ್ತಿದ್ದುವೇ ಹೊರತು ಅಡಿಗೆಮನೆಯನ್ನು ಪ್ರವೇಶಿಸುತ್ತಿರಲಿಲ್ಲ. ಅಲ್ಲಿ ಎಲ್ಲವೂ ಕೈಯಳತೆ. ಎಷ್ಟು ಹಿಟ್ಟು, ಎಷ್ಟು ಎಸರು ಎಂದು ಕೇಳಿದವರಿಗೆ, “ಲೆಕ್ಕಾ ಹಾಕಿ ನೀಡಾಕ ಇದೇನ್ ಖಾನಾವಳಿ ಏನಪಾ?” ಎಂಬುದೇ ಉತ್ತರ. ಆದರೆ ಆ ಕೈಯಲ್ಲಿದ್ದ ಲೆಕ್ಕ ಎಂಥದೆಂಬುದು ರೊಟ್ಟಿ ಬಡಿಯುವಾಗ ಎದುರಿಗೆ ಕುಳಿತು ನೋಡಿದವರಿಗೆ ತಿಳಿಯುತ್ತಿತ್ತು. ಜೋಳಕ್ಕೆ ಗೋದಿಯಂತೆ ಸ್ವಭಾವಸಿದ್ಧವಾದ ಜಿಗುಟಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಅದು ಬಿರಿದು ಹೋಗುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಾದರೆ ಕುದಿವ ನೀರಿಗೂ ಒಗ್ಗುವುದಿಲ್ಲ. ಆದುದರಿಂದ ದೊಡ್ಡವ್ವ ಹೊಸ ಹಿಟ್ಟನ್ನೇ ಕಟ್ಟಿಗೆಯ ಪರಾತದಲ್ಲಿ ಗುಡ್ಡೆಮಾಡಿ, ನಡುವೆ ಕುಳಿ ತೆಗೆದು, ಕುದಿಯುವ ಎಸರನ್ನು ಅದರೊಳಗೆ ಸುರಿದು, ಮೊದಲು ಸೌಟಿನ ಹಿಡಿಕೆಯಿಂದ ತಿರುವಿ, ಬಿಸಿ ಕೈಗೆ ತಡೆಯುವಷ್ಟಾದೊಡನೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುವಳು. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಬಲಗೈಯಿಂದ ಬಡಿಯುತ್ತ, ಎಡಗೈಯ ಬೆರಳುಗಳಿಂದ ಅಂಚನ್ನು ಕಾಯುತ್ತ ಬಂದಂತೆ, ಅದು ತಾನೇ ತಿರುಗುತ್ತ ತಿರುಗುತ್ತ ತೆಳುವಾಗುವುದು. ನಡುವೆ ದಪ್ಪ, ಅಂಚು ತೆಳು ಎಂಬ ದೋಷ ಆಕೆಯ ರೊಟ್ಟಿಯಲ್ಲಿ ಹುಡುಕಿದರೂ ಸಿಕ್ಕುತ್ತಿರಲಿಲ್ಲ. ಎರಡೂ ಅಂಗೈಗಳ ಮೇಲೆ ಎತ್ತಿ ಹಂಚಿನ ಮೇಲೆ ಹಾಕಿ, ಮೇಲಿನ ಒಣಹಿಟ್ಟು ಕಾಣದಂತೆ ಒದ್ದೆ ಅರಿವೆಯಿಂದ ನೀರು ಸವರಿ, ಆ ನೀರು ಆರುವ ಹದವನ್ನು ನೋಡಿ ಮಗುಚಿ, ಕಡೆಗೆ ಒಲೆಯ ಬಾಯಿಗೆ ಎಳೆದ ತೊಗರಿ ಕಟ್ಟಿಗೆಯ ಕೆಂಡಕ್ಕೆ ಒರಗಿಸಿ ನಿಲ್ಲಿಸಿದಳೆಂದರೆ, ಎರಡು ಪದರು ಬೇರೆಯಾಗಿ ರೊಟ್ಟಿ ಉಬ್ಬಿ ನಿಲ್ಲುವುದು. ಮೊದಲ ರೊಟ್ಟಿ ದೇವರ ಜಗಲಿಗೆ. ಅದರ ಮೇಲೆ ಒಂದು ಹನಿ ತುಪ್ಪ, ತುಸು ಪುಂಡಿಪಲ್ಯ. ಆ ಪುಂಡಿಪಲ್ಯಕ್ಕೂ ಒಡೆದ ಜೋಳದ ನುಚ್ಚನ್ನೇ ಹಾಕಿ ಬೇಯಿಸುವುದು ನಮ್ಮ ಕಡೆಯ ಪದ್ಧತಿ. ಬೆಳ್ಳುಳ್ಳಿಯ ಒಗ್ಗರಣೆ ಬಿದ್ದ ಮೇಲೆ ಅದರ ಹುಳಿಗೆ ಒಂದು ಘನತೆ ಬರುತ್ತದೆ. ಕಡೆಯದಾಗಿ, ಉಣ್ಣುವವರ ಲೆಕ್ಕಕ್ಕೆ ಸೇರದ ಕೆಲವು ರೊಟ್ಟಿಗಳನ್ನು ಆಕೆ ಎಂದೂ ಬಡಿಯದೆ ಏಳುತ್ತಿರಲಿಲ್ಲ. ಹೊಳೆ ದಾಟಿ ಬರುವವರು ಯಾವ ಹೊತ್ತಿಗೆ ಬರುತ್ತಾರೆಂದು ಹೇಳಬರುವುದಿಲ್ಲವೆಂಬುದು ಅದಕ್ಕೆ ಆಕೆ ಕೊಡುತ್ತಿದ್ದ ಕಾರಣ.

ಜೋಳದ ರೊಟ್ಟಿಯ ಮಾತು ಬಂದ ಮೇಲೆ ಮಾನ್ವಿಯ ಜಗನ್ನಾಥದಾಸರನ್ನು ನೆನೆಯದೆ ಮುಂದೆ ಹೋಗಲಾರೆ. ಮಾನ್ವಿ ತಾಲೂಕಿನ ಬ್ಯಾಗವಟ್ಟಿನಲ್ಲಿ 1728ರಲ್ಲಿ ಜನಿಸಿದ ಅವರು ಮೊದಲಿಗೆ ಶ್ರೀನಿವಾಸಾಚಾರ್ಯರೆಂಬ ಹೆಸರಿನ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡಿ ಕುಣಿಯುವ ದಾಸರೆಂದರೆ ಅವರಿಗೆ ತಾತ್ಸಾರ. ಅದೇ ತಾಲೂಕಿನ ಚೀಕಲಪರ್ವಿಯಲ್ಲಿದ್ದ ವಿಜಯದಾಸರು ಅವರನ್ನು ಊಟಕ್ಕೆ ಕರೆಯಲು, ಹೊಟ್ಟೆನೋವೆಂಬ ನೆವ ಹೇಳಿ ಅವರು ಹೋಗಲಿಲ್ಲವಂತೆ. ಹೇಳಿದ ನೆವ ನಿಜವಾಗಿ, ಯಾವ ಔಷಧಕ್ಕೂ ಬಗ್ಗದ ಉದರಶೂಲೆ ಅವರನ್ನು ಹಿಡಿಯಿತಂತೆ. ಕಡೆಗೆ ವಿಜಯದಾಸರ ಅಪ್ಪಣೆಯಂತೆ ಅವರು ಗೋಪಾಲದಾಸರ ಬಳಿಗೆ ಹೋದರು. ಈ ಗೋಪಾಲದಾಸರು ಹುಟ್ಟಿದುದು ಗೂಗಲ್ಲಿನ ತಾಲೂಕಿಗೇ ಸೇರಿದ ಮೊಸರಕಲ್ಲಿನಲ್ಲಿ. ಅವರು ಜೋಳದ ರೊಟ್ಟಿಯನ್ನು ಅಭಿಮಂತ್ರಿಸಿ ಉಣಿಸಿ ಆ ನೋವನ್ನು ನೀಗಿದರೆಂದೂ, ತಮ್ಮ ಆಯುಷ್ಯದಲ್ಲಿ ನಾಲ್ವತ್ತು ವರ್ಷಗಳನ್ನು ಧಾರೆಯೆರೆದರೆಂದೂ ನಮ್ಮ ಹಿರಿಯರು ಕಥೆ ಹೇಳುತ್ತಾರೆ. ಪಂಡಿತರ ನೋವಿಗೆ ದಾಸರು ಆರಿಸಿದ ಔಷಧ ನಿತ್ಯ ಒಕ್ಕಲಿಗನ ಗಂಗಾಳದಲ್ಲಿ ಬೀಳುವ ಆಹಾರವೇ ಆಗಿದ್ದಿತೆಂಬುದರಲ್ಲಿ ನನಗೆ ಆಳವಾದ ಅರ್ಥ ಕಾಣುತ್ತದೆ. ಅನಂತರ ಆ ಪಂಡಿತರೇ ಕನ್ನಡದ ಭಾಮಿನೀ ಷಟ್ಪದಿಯಲ್ಲಿ ಹರಿಕಥಾಮೃತಸಾರವನ್ನು ರಚಿಸಿದರು. ಅದರಲ್ಲಿ ಭೋಜನರಸವಿಭಾಗವೆಂಬ ಒಂದು ಸಂಧಿಯನ್ನೇ ಮೀಸಲಿಟ್ಟು, ಎಲೆಯ ಮೇಲೆ ಬೀಳುವ ಅನ್ನ ವ್ಯಂಜನಗಳಲ್ಲಿ ಭಗವದ್ರೂಪಗಳನ್ನು ಧ್ಯಾನಿಸುವ ಕ್ರಮವನ್ನು ಬೋಧಿಸಿದರು. ಒಲ್ಲೆನೆಂದ ಊಟದಿಂದ ಆರಂಭವಾದ ಬಾಳು ಊಟವನ್ನೇ ಉಪಾಸನೆಯೆಂದು ಹಾಡುವಲ್ಲಿಗೆ ಮುಟ್ಟಿತು. ಒಂದು ಮಾತ್ರ ನನ್ನನ್ನು ಕಾಡುತ್ತದೆ. ರೊಟ್ಟಿಯನ್ನು ಅಭಿಮಂತ್ರಿಸಿದವರ ಹೆಸರನ್ನು ಕಥೆ ಉಳಿಸಿಕೊಂಡಿದೆ, ಉಂಡವರ ಹೆಸರನ್ನೂ ಉಳಿಸಿಕೊಂಡಿದೆ. ಅದನ್ನು ಬಡಿದು ಸುಟ್ಟ ಕೈ ಯಾರದು? ಎಸರಿಟ್ಟು, ಹಿಟ್ಟು ನಾದಿ, ನೋಯುವ ಹೊಟ್ಟೆಯವನಿಗೆಂದು ಮೆತ್ತಗೆ ಸುಟ್ಟವಳು ಆ ಮನೆಯಲ್ಲಿ ಒಬ್ಬಳಿದ್ದಿರಲೇಬೇಕು. ಮಂತ್ರಕ್ಕೆ ಮುಂಚೆ ಆಕೆಯ ಕೈಗುಣ ಆ ರೊಟ್ಟಿಯನ್ನು ಸೇರಿದ್ದಿತೆಂದು ನಾನು ನಂಬುತ್ತೇನೆ.

ಹೊಳೆಯಾಚೆಗಿನ ಸುರಪುರ ಸೀಮೆಯಲ್ಲಿ ಮುದನೂರು ಎಂಬ ಊರಿದೆ. ಅದು ಆದ್ಯ ವಚನಕಾರರಲ್ಲೊಬ್ಬನಾದ ಜೇಡರ ದಾಸಿಮಯ್ಯನ ಊರು. ಆತ ನೇಯ್ಗೆಯವನು. ಮರಳು ಬೆರೆತ ಅಕ್ಕಿಯನ್ನೂ ಒಂದು ಕಬ್ಬನ್ನೂ ಹಿಡಿದು, ನೀರು ಸೌದೆಗಳ ನೆರವಿಲ್ಲದೆ ಇಷ್ಟರಲ್ಲಿಯೇ ಪಾಯಸ ಮಾಡಬಲ್ಲ ಕನ್ನೆಯನ್ನು ಮದುವೆಯಾಗುವೆನೆಂದು ಆತ ಹೊರಟನೆಂದೂ, ದುಗ್ಗಳೆ ಎಂಬಾಕೆ ಕಬ್ಬನ್ನು ಹಿಂಡಿ ರಸದಲ್ಲಿ ಅಕ್ಕಿಯನ್ನು ಬೇಯಿಸಿ, ಹಿಪ್ಪೆಯನ್ನು ಒಣಗಿಸಿ ಉರಿಸಿ, ಪಾಯಸವನ್ನು ಮುಂದಿಟ್ಟಳೆಂದೂ ಜನ ಹೇಳುವ ಕಥೆಯೊಂದುಂಟು. ಕನ್ಯಾಪರೀಕ್ಷೆಯೆಂಬ ಪದ್ಧತಿ ನನಗೆ ಪ್ರಿಯವಲ್ಲ. ವರನಿಗೂ ಒಂದು ಪರೀಕ್ಷೆಯನ್ನು ದುಗ್ಗಳೆ ಒಡ್ಡಿದ್ದರೆ ಚೆನ್ನಾಗಿತ್ತೆಂದು ಯಾವಾಗಲೂ ಅನ್ನಿಸುತ್ತದೆ. ಆದರೂ ಆ ಹುಡುಗಿಯ ಬುದ್ಧಿಯನ್ನು ಮೆಚ್ಚದಿರಲಾಗದು. ಹಿಪ್ಪೆಯನ್ನು ಬಿಸಾಡದೆ ಅದರಿಂದಲೇ ಉರಿಯನ್ನು ಪಡೆದ ಆ ಬುದ್ಧಿಯೇ ನಮ್ಮ ಹೆಂಗಸರ ಕೈಯಲ್ಲಿ ಕೌದಿಯಾಗಿದೆ.

ಕೌದಿಯನ್ನು ಹೊಲಿಯುವುದು ಸುಗ್ಗಿ ತೀರಿದ ಬೇಸಿಗೆಯ ಮಧ್ಯಾಹ್ನಗಳಲ್ಲಿ. ಉಟ್ಟು ಉಟ್ಟು ಮೆತ್ತಗಾದ ಇಳಕಲ್ಲು ಸೀರೆಗಳು, ಅಂಚು ಹರಿದ ಧೋತರಗಳು, ಮಕ್ಕಳು ಬೆಳೆದು ಬಿಟ್ಟ ಅಂಗಿಗಳು ವರ್ಷವೆಲ್ಲ ಒಂದು ಗಂಟಿನಲ್ಲಿ ಸೇರುತ್ತ ಬಂದಿರುತ್ತವೆ. ಪಡಸಾಲೆಯ ಸಾರಿಸಿದ ನೆಲದ ಮೇಲೆ ಅಗ್ಗದ ಅರಿವೆಗಳನ್ನು ಕೆಳಗೆ, ಗಟ್ಟಿಯಾದುದನ್ನು ಮೇಲೆ ಪದರು ಪದರಾಗಿ ಹಾಸಿ, ಗಾಳಿಗೆ ಸರಿಯದಂತೆ ಮೂಲೆಗಳಿಗೆ ಕಲ್ಲು ಹೇರಿ, ಅಂಚಿನಿಂದ ಆರಂಭಿಸಿ ಸುತ್ತ ಸುತ್ತ ಒಳಮುಖವಾಗಿ ದಾರ ಹಾಕುತ್ತ ಹೋಗುತ್ತಾರೆ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಬೆರಳಗಲ, ಅದೂ ಕೈಯಳತೆಯೇ. ಓಣಿಯ ಹೆಂಗಸರು ತಮ್ಮ ತಮ್ಮ ಸೂಜಿಯೊಡನೆ ಬಂದು ನಾಲ್ಕೂ ಕಡೆ ಕುಳಿತು ಕೈಹಚ್ಚುವರು. ಹೊಲಿಗೆಯ ನಡುವೆ ಸೋಬಾನದ ಪದಗಳೂ, ಸೊಸೆಯಂದಿರ ಅಳಲುಗಳೂ, ಯಾರ ಮಗಳಿಗೆ ಎಲ್ಲಿಯ ವರ ಬಂದಿದೆಯೆಂಬ ಸಮಾಚಾರಗಳೂ ಸಾಗುವುವು. ಮೇಲ್ಪದರಿನಲ್ಲಿ ಬಣ್ಣದ ಚೌಕಗಳನ್ನೂ ತ್ರಿಕೋನಗಳನ್ನೂ ಕೂಡಿಸುವಾಗ ದೊಡ್ಡವ್ವ ಯಾವ ತುಣುಕು ಯಾವ ಸೀರೆಯದೆಂಬುದನ್ನು ಹೇಳುತ್ತ ಹೋಗುವಳು: ಈ ಕೆಂಪು ಸೆರಗು ಧಾರೆಯ ಸೀರೆಯದು, ಈ ಹಸಿರು ಕುಬಸದ ಸೀರೆಯದು, ಈ ಬಿಳಿಯದು ತೀರಿಹೋದ ಮಾವನವರ ರುಮಾಲು. ಮದುವೆಯಾಗಿ ಹೋಗುವ ಮಗಳ ಗಂಟಿನಲ್ಲಿ ಇಂಥದೊಂದು ಕೌದಿ ಇರಲೇಬೇಕು. ಅದಕ್ಕೆ ಪೇಟೆಯಲ್ಲಿ ಬೆಲೆಯಿಲ್ಲ. ಇಂದು ನಗರಗಳ ಅಂಗಡಿಗಳಲ್ಲಿ ಕೌದಿಯನ್ನು ಕಲಾವಸ್ತುವೆಂದು ಗೋಡೆಗೆ ತೂಗುಹಾಕುವುದನ್ನು ಕಂಡಾಗ, ಮೆಚ್ಚಿಕೆಗೆ ಸಂತೋಷವಾದರೂ, ಹೊದೆಯದ ಕೌದಿಗೆ ಜೀವ ಸಾಲದೆಂದು ನನಗೆ ತೋರುತ್ತದೆ.

ಹೊಲಿಯುವುದಷ್ಟೇ ಅಲ್ಲ, ಕೌದಿಯನ್ನು ಒಗೆಯುವುದೂ ಒಂದು ಕಾರ್ಯ. ನವರಾತ್ರಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳೆಲ್ಲವೂ ಹೊಳೆಗೆ ಹೋಗಬೇಕು. ನೀರು ಕುಡಿದ ಕೌದಿ ಒಬ್ಬರ ಕೈಗೆ ಬಗ್ಗುವುದಿಲ್ಲ. ಆ ದಿನ ಗೂಗಲ್ಲಿನ ದಂಡೆಯಲ್ಲಿ, ವರ್ಷವೆಲ್ಲ ಬಟ್ಟೆಯ ಕಲ್ಲಿನ ಹತ್ತಿರ ಸುಳಿಯದ ಗಂಡಸರು ಕಾಣಿಸಿಕೊಳ್ಳುತ್ತಿದ್ದರು. ದೊಡ್ಡಪ್ಪ ಧೋತರವನ್ನು ಮೇಲಕ್ಕೆ ಕಟ್ಟಿ, ಕೌದಿಯ ಒಂದು ತುದಿಯನ್ನು ಹಿಡಿದು ನೀರಿನಲ್ಲಿ ನಿಲ್ಲುವರು. ಇನ್ನೊಂದು ತುದಿ ದಂಡೆಯ ಮೇಲೆ ನಿಂತ ದೊಡ್ಡವ್ವನ ಕೈಯಲ್ಲಿ. ಅವರು ಬಲಕ್ಕೆ ತಿರುಚಿದರೆ ಈಕೆ ಎಡಕ್ಕೆ. ಇಬ್ಬರೂ ಒಂದೇ ಕಡೆಗೆ ತಿರುಚಿದರೆ ಹನಿ ನೀರೂ ಇಳಿಯದು. “ಬಿಗಿ ಹಿಡೀರಿ, ಬಿಟ್ಟೀರಿ” ಎಂದು ಈಕೆ, “ನೀ ಎಳೀಬ್ಯಾಡ” ಎಂದು ಅವರು. ನೀರು ಇಳಿದು, ಹಗ್ಗವಾದ ಕೌದಿಯನ್ನು ಬಿಚ್ಚಿ, ಕಾದ ಬಂಡೆಯ ಮೇಲೆ ಇಬ್ಬರೂ ಮೂಲೆಗಳನ್ನು ಹಿಡಿದು ಹರವುವಾಗ, ಆ ಮುಖಗಳಲ್ಲಿ ಕಾಣುತ್ತಿದ್ದ ಪ್ರಸನ್ನತೆಯನ್ನು ಯಾವ ಕಲ್ಯಾಣಮಂಟಪದಲ್ಲಿಯೂ ನಾನು ಕಂಡಿಲ್ಲ.

ದೇವರ ವಿಷಯದಲ್ಲಿ ಆಕೆಯ ಮನೆಗೆ ಬೇಲಿ ಇರಲಿಲ್ಲ. ಪ್ರಭುವಿಗೆ ಸೋಮವಾರದ ಕಾಯಿ, ಕೊಪ್ಪರದ ನರಸಿಂಹನಿಗೆ ಹರಕೆ. ಮೊಹರಮ್ಮು ಬಂದಿತೆಂದರೆ ಅಲಾಯಿ ದೇವರಿಗೆ ಸಕ್ಕರೆ ಓದಿಸದೆ ಇರುವವಳಲ್ಲ. ನಮ್ಮ ಜಿಲ್ಲೆಯ ಮುದಗಲ್ಲಿನ ಮೊಹರಮ್ಮು ದೂರದೂರದವರನ್ನು ಸೆಳೆಯುವಂಥದು. ಹಳ್ಳಿಗಳಲ್ಲಿಯೂ ಜಾತಿಮತದ ಎಣಿಕೆಯಿಲ್ಲದೆ ಮನೆಮನೆಯಲ್ಲಿ ಬೆಲ್ಲದ ಚೊಂಗೆ ಮಾಡಿ ಒಯ್ಯುತ್ತಾರೆ. ಇದೇ ಒಲೆಯ ಮೇಲೆ, ಇದೇ ಕೈಯಲ್ಲಿ ಎಳ್ಳಮಾವಾಸ್ಯೆಯ ಚರಗಕ್ಕೆ ಸಜ್ಜೆಯ ಕಡುಬೂ ಆಗುತ್ತಿತ್ತು, ಚೊಂಗೆಯೂ ಆಗುತ್ತಿತ್ತು. ಯಾವ ದೇವರಿಗೆ ಯಾವ ಅಡಿಗೆ ಎಂಬುದನ್ನು ಬಲ್ಲವಳಿಗೆ, ಯಾವ ದೇವರು ಯಾರವನೆಂಬ ವಿಚಾರಕ್ಕೆ ಬಿಡುವಿರಲಿಲ್ಲ.

ಕಾಲ ಬದಲಾಗಿದೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟೆಯಿಂದ ಎಡದಂಡೆಯ ಕಾಲುವೆ ಹರಿಯತೊಡಗಿ ಸಿಂಧನೂರು ಮಾನ್ವಿಗಳ ಎರೆನೆಲವನ್ನು ಬತ್ತದ ಗದ್ದೆಗಳನ್ನಾಗಿ ಮಾಡಿತು. ನಾರಾಯಣಪುರದ ಬಸವಸಾಗರದ ಬಲದಂಡೆಯ ಕಾಲುವೆ ದೇವದುರ್ಗದ ಕಡೆಗೂ ಬಂದಿತು. ನೀರು ಬಂದುದು ಭಾಗ್ಯವೇ. ಬರಗಾಲದಲ್ಲಿ ಸೇರಿನ ಬಾಯನ್ನು ಅಂಗೈಯಿಂದ ಒರೆಸಬೇಕಾಗಿ ಬಂದ ಮನೆಯವನು ನಾನು, ನೀರನ್ನು ದೂರಲಾರೆ. ಹಬ್ಬಕ್ಕಷ್ಟೇ ಕಾಣುತ್ತಿದ್ದ ಅನ್ನ ನಿತ್ಯದ್ದಾಯಿತು, ನಿತ್ಯದ ಜೋಳ ಹಲವು ಮನೆಗಳಲ್ಲಿ ಹಬ್ಬದ್ದಾಯಿತು. ನೀರು ಮುಟ್ಟದ ಊರುಗಳವರು ಇಂದಿಗೂ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಅವರ ಗಂಟಿನಲ್ಲಿ ಹಂಚು, ಹಿಟ್ಟಿನ ಡಬ್ಬಿ ಮತ್ತು ಕೌದಿಗಳು ತಪ್ಪದೆ ಇರುತ್ತವೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಹೂವಿನಹೆಡಗಿಯ ಸೇತುವೆ ಮುಳುಗಿ, ಉತ್ತರದ ಜಿಲ್ಲೆಗಳೆಲ್ಲ ತತ್ತರಿಸಿದಾಗ, ನೆರೆಸಂತ್ರಸ್ತರಿಗೆಂದು ಊರೂರಿನ ಹೆಂಗಸರು ಬಡಿದು ಕೊಟ್ಟುದು ಖಡಕ್ ರೊಟ್ಟಿಯನ್ನೇ. ಒಣಗಿದ ಆ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಒಲೆ ಹೊತ್ತಿಸಲು ಒಣನೆಲವಿಲ್ಲದವನ ಹಸಿವಿಗೂ ಒದಗುತ್ತದೆ. ಉಣ್ಣುವವರ ಲೆಕ್ಕಕ್ಕೆ ಸೇರದ ರೊಟ್ಟಿಗಳನ್ನು ಬಡಿದೇ ಏಳುವ ಅಭ್ಯಾಸ ನಾಡಿನಲ್ಲಿ ಉಳಿದಿತ್ತೆಂದೇ ಅಷ್ಟು ಬೇಗ ಅಷ್ಟು ಗಂಟುಗಳು ಕೂಡಿದುವು.

ದೊಡ್ಡವ್ವನ ಮೊಮ್ಮಗಳು ಈಗ ರಾಯಚೂರಿನಲ್ಲಿ ನರ್ಸು. ಆಕೆಗೆ ರಾತ್ರಿಯ ಪಾಳಿ ಇದ್ದ ದಿನಗಳಲ್ಲಿ ಒಲೆಯ ಮುಂದೆ ನಿಲ್ಲುವವನು ಅವಳ ಗಂಡ. ಮದುವೆಯ ಹೊಸತರಲ್ಲಿ ರೊಟ್ಟಿ ಕೇಂದ್ರದಿಂದ ಕೊಂಡು ತರುತ್ತಿದ್ದರಂತೆ. ಕೊಂಡ ರೊಟ್ಟಿ ಬಿಸಿಯಾಗಿ ಉಬ್ಬುವುದಿಲ್ಲವೆಂದು ಅವನೇ ಕಲಿತನಂತೆ. ಊರಿಗೆ ಬಂದಾಗ ಈ ಸುದ್ದಿ ದೊಡ್ಡವ್ವನ ಕಿವಿಗೆ ಬಿದ್ದು, ಆಕೆ ಸುಮ್ಮನಿದ್ದು, ಸಂಜೆ ಎಸರಿಟ್ಟ ಮೇಲೆ ಅವನನ್ನೇ ಕರೆದು ಹಿಟ್ಟಿನ ಮುಂದೆ ಕೂರಿಸಿದಳು. ಓಣಿಯ ಹೆಂಗಸರು ಬಾಗಿಲಲ್ಲಿ ನೆರೆದರು. ಅವನು ನಾದಿದ, ಬಡಿದ, ಎತ್ತಿ ಹಂಚಿಗೆ ಹಾಕಿದ, ಕೆಂಡಕ್ಕೆ ಒರಗಿಸಿದ. ರೊಟ್ಟಿ ಅರ್ಧಕ್ಕೆ ಉಬ್ಬಿ ನಿಂತಿತು. ದೊಡ್ಡವ್ವ ಅದನ್ನು ಬೆರಳಿನಿಂದ ಒತ್ತಿ ನೋಡಿ, “ಅಂಚು ದಪ್ಪ ಆಗ್ಯಾವ. ಎಡಗೈ ಸುಮ್ಮಕಿಡಬಾರದಪಾ, ಅದು ಕಾಯಬೇಕು” ಎಂದು, ಅವನ ಎಡಗೈಯನ್ನು ಹಿಡಿದು ಉಂಡೆಯ ಅಂಚಿಗೆ ಇಟ್ಟು ತೋರಿಸಿದಳು. ಎರಡನೆಯದು ಸರಿಯಾಯಿತು. ಮೊದಲನೆಯದನ್ನು ಜಗಲಿಗೆ ಇಡುವುದೊ ಎರಡನೆಯದನ್ನೊ ಎಂದು ಮೊಮ್ಮಗಳು ಕೇಳಲು, ಮೊದಲನೆಯದನ್ನೇ ಇಡಬೇಕೆಂದು ದೊಡ್ಡವ್ವ ಹೇಳಿ, ಎರಡನೆಯದನ್ನು ಪುಂಡಿಪಲ್ಯದೊಡನೆ ತಾನೇ ಉಂಡಳು.